ನಲವತ್ತೊಂದನೇ ಸೀಸೆ

ಮೇಟಗಳ್ಳಿ, ಮೈಸೂರು
೮ ಮೇ ೨೦೨೫

ಧರಣಿಗೆ ಅಕ್ಕ ಬರೆಯುವುದು.

ನೀನು ಅರವತ್ತು ಕೇಳಿದ್ದೆ, ಅರವತ್ತೂ ಕಳಿಸಿದ್ದೇನೆ. ಸಂಜೆ ಐದಕ್ಕೆ ನಿಮ್ಮ ಲ್ಯಾಬಿನ ಗಾಡಿ ಬಂದು ಗರ್ಭಕೋಶದ ಪರೀಕ್ಷೆಯ ಸೀಸೆಗಳ ಡಬ್ಬ ಎತ್ತಿಕೊಂಡು ಹೋಯಿತು. ಕಲಬುರಗಿಯಲ್ಲಿ ಕೂತು ನೀನು ಹೇಳಿದಷ್ಟು ಸುಲಭವಾಗಿರಲಿಲ್ಲ ಇದು. ಊದುಬತ್ತಿ ಹೊಸೆಯುವ ಹೆಂಗಸರ ಮುಂದೆ ನಿಂತು, ಬಚ್ಚಲಿಗೆ ಹೋಗಿ ಈ ಪುಟ್ಟ ಬ್ರಷ್ಷನ್ನು ನೀವೇ ಒಳಗಿಟ್ಟು ಐದು ಸುತ್ತು ತಿರುಗಿಸಿ, ಸೀಸೆಯ ನೀರಿಗೆ ಅದ್ದಿ ಕೊಡಿ ಎಂದು ಹೇಳಿ ನೋಡು, ಗೊತ್ತಾಗುತ್ತದೆ. ಅರ್ಧ ಜನ ನಕ್ಕರು, ಅರ್ಧ ಜನ ಸೆರಗು ಬಾಯಿಗಿಟ್ಟುಕೊಂಡರು. ನಾನು ಸೂಪರ್‌ವೈಸರ್ ಅಲ್ಲವೇ, ಸ್ಟೂಲಿನ ಮೇಲೆ ನಿಂತು ಭಾಷಣ ಮಾಡಿದೆ. ನೋವು ಬಂದ ಮೇಲೆ ಹೋದರೆ ಡಾಕ್ಟರ ಕೈಯಲ್ಲೂ ಏನೂ ಉಳಿದಿರುವುದಿಲ್ಲ, ನಮ್ಮಮ್ಮನನ್ನು ನೋಡಿದ್ದೇನೆ ಅಂದೆ. ಅಮ್ಮನ ಮಾತು ತೆಗೆದದ್ದಕ್ಕೆ ಬೈಯಬೇಡ. ಅವರು ಒಪ್ಪಿದ್ದೇ ಆ ಮಾತಿಗೆ.

ನೀನು ಮೂವತ್ತು ದಾಟಿದವರದು ಮಾತ್ರ ಸಾಕು ಅಂದಿದ್ದೆ. ಅದಕ್ಕೇ ನನ್ನ ಪಕ್ಕ ಕೂರುವ ಕೀರ್ತಿಗೆ ಬೇಡ ಅಂದೆ, ಅವಳಿಗಿನ್ನೂ ಇಪ್ಪತ್ತೆಂಟು. ಆದರೂ ದಿನವಿಡೀ ಓಡಾಡಿ ಸೀಸೆಗಳಿಗೆ ಚೀಟಿ ಅಂಟಿಸಿದವಳು ಅವಳೇ. ನನ್ನ ಹೆಸರಿನದು ನಲವತ್ತೊಂದನೆಯದು.

ಏನೇ ಬಂದರೂ ಕಾಗದ ಬರೆ, ಕಾರ್ಖಾನೆ ವಿಳಾಸಕ್ಕೆ ಹಾಕು. ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮೂರು ಮನೆಗೆ ಕೇಳುತ್ತದೆ. ಮೆಸೇಜು ಹಾಕಿದರೆ ನನಗಿಂತ ಮೊದಲು ನಮ್ಮ ಅಭಿಲಾಷ್ ನೋಡುತ್ತಾನೆ. ಇಂಥ ಮಾತೆಲ್ಲ ಮಗನ ಕಣ್ಣಿಗೆ ಬೀಳುವುದು ನನಗಿಷ್ಟವಿಲ್ಲ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿರಲಿಲ್ಲವೇ, ಹಾಗೇ ಬರೆ.

ಶಿವನಂಜಮ್ಮ


ಕಲಬುರಗಿ
೨ ಜೂನ್ ೨೦೨೫

ಅಕ್ಕ,

ಈ ಕಾಗದವನ್ನು ಕೆಲಸದ ಮಧ್ಯೆ ಒಡೆಯಬೇಡ. ಕೂತುಕೊಂಡು ಓದು.

ನಿನ್ನ ಸೀಸೆಯಲ್ಲಿ ವೈರಸ್ ಸಿಕ್ಕಿದೆ. ಎಚ್‌ಪಿವಿ ಅನ್ನುತ್ತಾರೆ. ಅದರಲ್ಲಿ ಹಲವು ಬಗೆ, ನಿನಗೆ ಬಂದಿರುವುದು ಹದಿನಾರನೇ ನಂಬರಿನದು, ಎಲ್ಲಕ್ಕಿಂತ ಕೆಟ್ಟದ್ದು. ವೈರಸ್ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಬಹಳ ಜನರಿಗೆ ಬರುತ್ತದೆ, ತಾನಾಗೇ ಹೋಗುತ್ತದೆ. ಅದಕ್ಕೇ ನಾವು ಎರಡನೇ ಪರೀಕ್ಷೆ ಮಾಡುವುದು. ಅದೇ ಸೀಸೆಯ ಕೋಶಗಳನ್ನು ಗಾಜಿನ ಮೇಲೆ ಹರಡಿ ಎರಡು ಪ್ರೋಟೀನುಗಳಿಗೆ ಬಣ್ಣ ಹಾಕುತ್ತೇವೆ. ಒಂದು, ಕೋಶ ಬೆಳೆಯದಂತೆ ತಡೆಯುವ ಬ್ರೇಕು, ಅದಕ್ಕೆ ಕಂದು ಬಣ್ಣ. ಇನ್ನೊಂದು, ಕೋಶ ಬೆಳೆಯುತ್ತಿದೆ ಎಂದು ಹೇಳುವ ಗುರುತು, ಅದಕ್ಕೆ ಕೆಂಪು. ಆರೋಗ್ಯವಾಗಿರುವ ಕೋಶದಲ್ಲಿ ಇವೆರಡೂ ಒಟ್ಟಿಗೆ ಕಾಣುವುದಿಲ್ಲ. ಒಂದೇ ಕೋಶದಲ್ಲಿ ಎರಡೂ ಕಂಡರೆ, ಬ್ರೇಕನ್ನು ಎಷ್ಟು ಒತ್ತಿದರೂ ನಿಲ್ಲದೆ ಓಡುವ ಬಸ್ಸಿನ ಹಾಗೆ ಅದು.

ನಿನ್ನ ಗಾಜನ್ನು ಓದಿದವಳು ನಾನೇ. ಹನ್ನೊಂದು ಕೋಶಗಳಲ್ಲಿ ಎರಡೂ ಬಣ್ಣ ಇತ್ತು. ಮೂರು ಸಲ ಎಣಿಸಿದೆ.

ಇದು ಕ್ಯಾನ್ಸರ್ ಅಂತಲ್ಲ. ಆಗುವುದಕ್ಕೆ ಹೊರಟಿರಬಹುದು ಅಂತ. ಇಷ್ಟು ಮೊದಲೇ ಕಂಡದ್ದು ನಮ್ಮ ಪುಣ್ಯ. ಒಂಟಿಕೊಪ್ಪಲ್‌ನಲ್ಲಿ ಒಬ್ಬರು ಒಳ್ಳೆಯ ಲೇಡಿ ಡಾಕ್ಟರಿದ್ದಾರೆ, ವಿಳಾಸ ಹಿಂದೆ ಬರೆದಿದ್ದೇನೆ. ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯಂಥ ಯಂತ್ರ ಇಟ್ಟು ಗರ್ಭಕೋಶದ ಬಾಯಿಯನ್ನು ನೋಡುತ್ತಾರೆ, ನೋವಿಲ್ಲ. ಈ ವಾರವೇ ಹೋಗು. ಅಕಸ್ಮಾತ್ ಗರ್ಭಕೋಶ ತೆಗೆಯಬೇಕು ಅಂದರೂ ಯೋಚನೆ ಮಾಡಬೇಡ. ನಿನಗಿನ್ನು ಅದರಿಂದ ಏನಾಗಬೇಕು, ಹೋದರೆ ಹೋಗಲಿ. ನೀನು ಉಳಿಯಬೇಕು, ಅಷ್ಟೇ.

ಧರಣಿ


ಮೇಟಗಳ್ಳಿ
೯ ಜೂನ್ ೨೦೨೫

ಧರಣಿ,

ಕಾಗದ ಬಂತು. ಓದಿದೆ. ನೀನು ಹೆದರಬೇಡ, ನನಗೆ ಏನೂ ಆಗಿಲ್ಲ. ಊಟ ನಿದ್ದೆ ಎಲ್ಲ ಸರಿಯಾಗಿದೆ.

ಈ ವಾರ ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ, ಆಷಾಢ ಶುಕ್ರವಾರಕ್ಕೆ ಚಾಮುಂಡಿ ಬೆಟ್ಟದ ಅಂಗಡಿಗಳಿಗೆ ಮಾಲು ಹೋಗಬೇಕು. ಬಿಡುವಾದ ಮೇಲೆ ಡಾಕ್ಟರ ಹತ್ತಿರ ಹೋದರಾಯಿತು. ಉಳಿದವರ ರಿಪೋರ್ಟೆಲ್ಲ ಚೆನ್ನಾಗಿ ಬಂದಿವೆಯಲ್ಲ, ಅದೇ ಸಂತೋಷ.

ಒಂದು ಮಾತು ಕೇಳುತ್ತೇನೆ. ಸಣ್ಣ ವಯಸ್ಸಿನವರಿಗೆ ಹೀಗಾದರೂ ಗರ್ಭಕೋಶ ತೆಗೆದೇ ತೆಗೆಯುತ್ತಾರಾ? ಇನ್ನೂ ಮಕ್ಕಳಾಗದವರಿಗೆ? ಸುಮ್ಮನೆ ಕೇಳಿದೆ. ಇಲ್ಲಿ ಹೆಂಗಸರು ಕೇಳುತ್ತಿರುತ್ತಾರೆ, ಹೇಳೋಕೆ ನನಗೆ ಗೊತ್ತಿರಬೇಕಲ್ಲ.

ಅಕ್ಕ


(ಬರೆದು ಅಂಚೆಗೆ ಹಾಕದೆ ಇಟ್ಟದ್ದು)

ಮೇಟಗಳ್ಳಿ
೧೧ ಜೂನ್ ೨೦೨೫

ಧರಣಿ,

ಆ ಸೀಸೆ ನನ್ನದಲ್ಲ. ಕೀರ್ತಿಯದು.

ಆವತ್ತು ನಾನು ಮುಟ್ಟಾಗಿದ್ದೆ. ಮುಟ್ಟಿನ ದಿನ ಕೊಡಬಾರದು ಎಂದು ನಿಮ್ಮ ಚೀಟಿಯಲ್ಲೇ ಬರೆದಿತ್ತು. ಸಂಜೆ ಗಾಡಿ ಹೊರಟುಬಿಡುತ್ತದೆ, ನಿನಗೆ ಅರವತ್ತು ಅಂತ ಮಾತು ಕೊಟ್ಟಿದ್ದೇನೆ. ‘ನೀವ್ಯಾಕಕ್ಕ ಯೋಚ್ನೆ ಮಾಡ್ತೀರಿ, ನಿಮ್ ಹೆಸ್ರಿಗೆ ನಾನು ಕೊಟ್ಬುಡ್ತೀನಿ’ ಅಂದಳು ಕೀರ್ತಿ. ನಮ್ಮಲ್ಲಿ ಇದು ಹೊಸದಲ್ಲ. ಒಬ್ಬಳಿಗೆ ಮೈ ಸರಿಯಿಲ್ಲದ ದಿನ ಪಕ್ಕದವಳು ಅವಳ ಪಾಲಿನ ಕಡ್ಡಿ ಹೊಸೆದು, ಅವಳ ತಟ್ಟೆಗೆ ಹಾಕಿ, ಅವಳ ಹೆಸರಿಗೇ ಬರೆಸುತ್ತಾಳೆ. ಯಾರೂ ಯಾರ ಜಾಗ ಹೋಗಲು ಬಿಡುವುದಿಲ್ಲ. ಇದೂ ಹಾಗೇ ಅಂದುಕೊಂಡೆವು. ಒಂದು ಬ್ರಷ್ಷು, ಒಂದು ಸೀಸೆ.

ಅವಳಿಗೆ ಮದುವೆಯಾಗಿ ನಾಲ್ಕು ವರ್ಷ. ಮಗುವಿಲ್ಲ. ಈ ವರ್ಷ ನೋಡುತ್ತೇವೆ, ಆಮೇಲೆ ನಮ್ಮ ದಾರಿ ನಮಗೆ ಎಂದು ಅತ್ತೆ ಮುಖಕ್ಕೇ ಹೇಳಿದ್ದಾಳೆ. ಗಂಡ ಸಿದ್ದೇಶ್ ಒಳ್ಳೆಯವನು, ಆದರೆ ಅಮ್ಮನ ಎದುರಿಗೆ ಬಾಯಿ ಬಿಡುವವನಲ್ಲ. ಈಗ ನಾನು ಹೋಗಿ ನಿನ್ನ ಗರ್ಭಕೋಶ ತೆಗೆಯುತ್ತಾರೆ ಎಂದು ಹೇಳಲೇ? ಹೋದರೆ ಹೋಗಲಿ ಎಂದು ಬರೆದಿದ್ದೀಯ. ನನ್ನದಾದರೆ ಹೋಗಲಿ. ಅಮ್ಮನದು ತೆಗೆದ ನಾಲ್ಕು ತಿಂಗಳಿಗೆ ಅಮ್ಮನೂ ಹೋದಳು, ನಿನಗೆ ಆಗ ಹನ್ನೊಂದು ವರ್ಷ, ನಿನಗೆ ಅಷ್ಟು ನೆನಪಿರಲಿಕ್ಕಿಲ್ಲ. ನನಗಿದೆ.

ಇದನ್ನು ಹೇಗೆ ಕಳಿಸಲಿ.


ಕಲಬುರಗಿ
೨೦ ಜೂನ್ ೨೦೨೫

ಅಕ್ಕ,

ನಿನ್ನ ಒಂಬತ್ತನೇ ತಾರೀಖಿನ ಕಾಗದವನ್ನು ಹತ್ತು ಸಲ ಓದಿದೆ. ನಾನು ಬರೆದದ್ದೇನು, ನೀನು ಉತ್ತರ ಕೊಟ್ಟದ್ದೇನು. ಬೆಟ್ಟದ ಅಂಗಡಿಗೆ ಮಾಲು ಹೋಗಬೇಕಂತೆ, ಬಿಡುವಾದ ಮೇಲೆ ಹೋಗುತ್ತೀಯಂತೆ. ಸ್ಟೂಲಿನ ಮೇಲೆ ನಿಂತು ಐವತ್ತೊಂಬತ್ತು ಜನಕ್ಕೆ ಬುದ್ಧಿ ಹೇಳಿದವಳು ನೀನೇ ತಾನೇ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನನಗೆ ಏನೂ ಆಗಿಲ್ಲ ಅಂತ ಬರೆದಿದ್ದೀಯ. ಅಮ್ಮನೂ ಹೀಗೇ ಅನ್ನುತ್ತಿದ್ದಳು. ಬಿಳಿ ಹೋಗುತ್ತೆ ಅಷ್ಟೇ, ಸೊಂಟ ನೋವು ಅಷ್ಟೇ, ಎಲ್ಲ ಹೆಂಗಸರಿಗೂ ಇರುತ್ತೆ ಅಷ್ಟೇ. ನನಗೆ ಹನ್ನೊಂದು ವರ್ಷವಾದರೂ ಆ ಮಾತುಗಳು ನೆನಪಿವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಇದು ಅಂಗೈ ಹುಣ್ಣಲ್ಲ ಅಕ್ಕ, ಇದಕ್ಕೆ ಕನ್ನಡಿಯೇ ಬೇಕು. ನೋವಿಲ್ಲದಿರುವಾಗಲೇ ಇದನ್ನು ಹಿಡಿಯಬೇಕು. ನೋವು ಬಂದ ಮೇಲೆ ನಾನು ಗಾಜು ನೋಡಿ ಏನು ಪ್ರಯೋಜನ?

ಬೇರೆ ಹೆಂಗಸರು ಏನು ಕೇಳುತ್ತಾರೆ, ಅವರ ವಯಸ್ಸೆಷ್ಟು ಎನ್ನುವುದನ್ನೆಲ್ಲ ಆಮೇಲೆ ನೋಡೋಣ. ಮೊದಲು ನಿನ್ನದು ನೋಡಿಕೊ.

ನಿನ್ನನ್ನು ಕಾದು ಕೂರಲು ನನ್ನಿಂದ ಆಗಲಿಲ್ಲ. ನಿನ್ನೆ ಅಭಿಲಾಷ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿನಗೆ ಸಿಟ್ಟು ಬರುತ್ತದೆ, ಬರಲಿ. ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ನೀನು. ಇನ್ನೊಮ್ಮೆ ಅನಾಥಳಾಗುವ ಶಕ್ತಿ ನನಗಿಲ್ಲ.

ಧರಣಿ


ಮೇಟಗಳ್ಳಿ
೩೦ ಜೂನ್ ೨೦೨೫

ಧರಣಿ,

ಒಳ್ಳೆಯ ಕೆಲಸ ಮಾಡಿದೆ. ಯಾವುದು ಮಗನ ಕಿವಿಗೆ ಬೀಳಬಾರದು ಅಂತ ಕಾಗದ ಬರೆಯಲು ಹೇಳಿದ್ದೆನೋ ಅದನ್ನೇ ಅವನಿಗೆ ಫೋನಿನಲ್ಲಿ ಹೇಳಿದೆ. ಅವನು ಅವರಪ್ಪನಿಗೆ ಹೇಳಿದ. ನಿಮ್ಮ ಭಾವ ಎರಡು ದಿನ ಅಂಗಡಿ ಬಾಗಿಲು ತೆಗೆಯದೆ ಗೋಡೆ ನೋಡುತ್ತಾ ಕೂತರು. ಬೀದಿಯವರೆಲ್ಲ ಬಂದು ನನ್ನ ಮುಖ ನೋಡಿ ಹೋದರು. ಸತ್ತವಳನ್ನು ನೋಡಲು ಬಂದ ಹಾಗಿತ್ತು, ಕಾಫಿ ಮಾತ್ರ ನಾನೇ ಮಾಡಿ ಕೊಡಬೇಕಾಯಿತು.

ಶುಕ್ರವಾರ ಅಭಿಲಾಷ್ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೀನು ಬರೆದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಅರ್ಧ ಗಂಟೆ ನೋಡಿದರು. ಏನೋ ಔಷಧಿ ಸವರಿ, ಬೆಳಕು ಬಿಟ್ಟು, ಎಲ್ಲ ಸ್ವಚ್ಛವಾಗಿದೆ, ಒಂದು ಕಲೆಯೂ ಇಲ್ಲ ಅಂದರು. ಅವರು ಬರೆದುಕೊಟ್ಟ ಚೀಟಿಯ ಫೋಟೋವನ್ನು ಅಭಿಲಾಷನೇ ನಿನಗೆ ಕಳಿಸಿರಬೇಕು. ಅಲ್ಲಿಗೆ ಮುಗಿಯಿತು. ನಿಮ್ಮ ಬಣ್ಣವೋ ಗಾಜೋ ಏನೋ ತಪ್ಪು ಹೇಳಿದೆ. ಮನುಷ್ಯರು ಮಾಡಿದ್ದು ತಾನೇ, ತಪ್ಪಾಗುತ್ತದೆ. ಇನ್ನು ಇದನ್ನು ಇಲ್ಲಿಗೇ ಬಿಟ್ಟುಬಿಡು.

ಕೀರ್ತಿ ಮೊನ್ನೆ ಸಾವಿರ ಮೆಟ್ಟಿಲು ಹತ್ತಿ ಚಾಮುಂಡಿಗೆ ನನ್ನ ಹೆಸರಿನಲ್ಲಿ ಹರಕೆ ಕಟ್ಟಿ ಬಂದಳು. ದಿನಾ ಮಧ್ಯಾಹ್ನ ನನಗೆ ಅಂತ ಒಂದು ಡಬ್ಬಿ ಹೆಚ್ಚಿಗೆ ತರುತ್ತಾಳೆ. ಏನೇನೋ ಕೇಳಿದಳು, ಸಮಾಧಾನ ಹೇಳಿ ಕಳಿಸಿದೆ.

ಶಿವನಂಜಮ್ಮ


ಕಲಬುರಗಿ
೮ ಜುಲೈ ೨೦೨೫

ಅಕ್ಕ,

ಚೀಟಿ ನೋಡಿ ಲ್ಯಾಬಿನ ಕಾರಿಡಾರಿನಲ್ಲೇ ಅತ್ತುಬಿಟ್ಟೆ. ಆ ಒಂದು ದಿನ ಸುಖವಾಗಿದ್ದೆ. ಮಾರನೆಯ ದಿನದಿಂದ ನಿದ್ದೆ ಇಲ್ಲ.

ನಮ್ಮ ಮುಖ್ಯಸ್ಥರು ಡಾಕ್ಟರ್ ಸುದರ್ಶನ. ಹೆಂಗಸರೇ ತೆಗೆದುಕೊಟ್ಟ ಸ್ಯಾಂಪಲಿನಲ್ಲಿ ಈ ಎರಡು ಬಣ್ಣದ ಪರೀಕ್ಷೆ ನಂಬುವ ಹಾಗಿರುತ್ತದೋ ಇಲ್ಲವೋ ಎನ್ನುವುದೇ ನಮ್ಮ ಯೋಜನೆಯ ಪ್ರಶ್ನೆ, ಮತ್ತು ಅವರಿಗೆ ಮೊದಲಿನಿಂದ ಅನುಮಾನ. ಈಗ ನಿನ್ನ ಚೀಟಿ ಮೇಜಿನ ಮೇಲಿಟ್ಟುಕೊಂಡು, ನೋಡಿ ಧರಣಿ, ಗಾಜು ಒಂದು ಹೇಳುತ್ತದೆ, ಹೆಂಗಸಿನ ಮೈ ಇನ್ನೊಂದು ಹೇಳುತ್ತದೆ, ನಿಮ್ಮ ಕಣ್ಣು ತಪ್ಪಿದೆ ಎನ್ನುತ್ತಾರೆ. ಜುಲೈ ಇಪ್ಪತ್ತೊಂದಕ್ಕೆ ಫೈಲು ಮುಚ್ಚುತ್ತಾರೆ. ನಲವತ್ತೊಂದನೇ ಸೀಸೆಗೆ ತಪ್ಪು ಓದು ಎಂದು ಬರೆದು ತೆಗೆದುಹಾಕುತ್ತಾರೆ.

ನನ್ನ ಮರ್ಯಾದೆ ಹೋಗಲಿ. ಆದರೆ ನಾನು ಆ ಹನ್ನೊಂದು ಕೋಶಗಳನ್ನು ನೋಡಿದ್ದೇನೆ ಅಕ್ಕ. ಮೊನ್ನೆ ಮತ್ತೆ ಗಾಜು ತೆಗೆದು ನೋಡಿದೆ, ಅಲ್ಲೇ ಇವೆ. ವೈರಸ್ ಪರೀಕ್ಷೆಯನ್ನು ಎರಡನೇ ಸಲ ಹಾಕಿದೆ, ಅದೇ ಹದಿನಾರು. ನಿನ್ನ ಮೈಯಲ್ಲಿ ಇಲ್ಲ, ಸೀಸೆಯಲ್ಲಿ ಇದೆ ಎಂದರೆ ನನಗೆ ತೋಚುವುದು ಒಂದೇ. ಆ ದಿನ ಚೀಟಿ ಅಂಟಿಸುವಾಗ ಸೀಸೆ ಅದಲುಬದಲಾಗಿದೆ. ಹಾಗಿದ್ದರೆ ಆ ಕೋಶಗಳು ನಿನ್ನ ಕಾರ್ಖಾನೆಯ ಇನ್ನೊಬ್ಬಳವು. ಅವಳ ಕೈಯಲ್ಲಿ ಚೆನ್ನಾಗಿದ್ದೀರಿ ಎನ್ನುವ ಕಾಗದವಿದೆ. ಅವಳಿಗೆ ನೋವಿಲ್ಲ. ನಿನ್ನೆದುರಿಗೇ ಕೂತು ನಗುತ್ತಾ ಕಡ್ಡಿ ಹೊಸೆಯುತ್ತಿರಬಹುದು. ಎರಡು ವರ್ಷವೋ ಐದು ವರ್ಷವೋ, ಆಮೇಲೆ ಅವಳ ಮನೆಯಲ್ಲೂ ಯಾರೋ ಒಬ್ಬ ಹುಡುಗಿ ತಾನೇ ಜಡೆ ಹಾಕಿಕೊಳ್ಳುವುದು ಕಲಿಯಬೇಕಾಗುತ್ತದೆ.

ಇಪ್ಪತ್ತೊಂದು ದಾಟಿದರೆ ಅವಳನ್ನು ಹುಡುಕುವವರು ಯಾರೂ ಇರುವುದಿಲ್ಲ. ಆವತ್ತು ಏನಾಯಿತು, ನೆನಪು ಮಾಡಿಕೊಂಡು ಬರೆ.

ಧರಣಿ


ಮೇಟಗಳ್ಳಿ
೧೩ ಜುಲೈ ೨೦೨೫

ಧರಣಿ,

ಇದರ ಜೊತೆ ಜೂನ್ ಹನ್ನೊಂದಕ್ಕೆ ಬರೆದು ಹಾಕದೆ ಇಟ್ಟ ಕಾಗದವಿದೆ. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಈಗ ಅದರಲ್ಲಿರುವ ಸುಳ್ಳನ್ನೂ ಹೇಳುತ್ತೇನೆ. ಆವತ್ತು ನಾನು ಮುಟ್ಟಾಗಿರಲಿಲ್ಲ. ಬ್ರಷ್ಷು ಹಿಡಿದು ಬಚ್ಚಲಿಗೆ ಹೋದೆ. ಬಾಗಿಲು ಹಾಕಿಕೊಂಡೆ. ಕೈ ಬರಲಿಲ್ಲ. ಅಮ್ಮನನ್ನು ತೊಳೆದು ಒರೆಸಿದವಳು ನಾನು, ಆ ವಾಸನೆ ಮೂಗಿಗೆ ಬಂದ ಹಾಗಾಯಿತು. ನನಗೂ ಇದ್ದರೆ? ತಿಳಿಯುವುದೇ ಬೇಡ ಅನ್ನಿಸಿತು. ಹೊರಗೆ ಬಂದು ಕೀರ್ತಿಗೆ ನಾನು ಮುಟ್ಟಾಗಿದ್ದೇನೆ ಅಂದೆ. ಪುರಾಣ, ಬದನೆಕಾಯಿ ಎಂದು ನೀನು ಬರೆದದ್ದು ಸರಿಯಾಗೇ ತಾಗಿತು, ನೀನು ಅಂದುಕೊಂಡ ಕಡೆ ಅಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ನನಗೆ ಕಾಯಿಲೆ ಎಂದು ಸುದ್ದಿಯಾದ ದಿನ ಕೀರ್ತಿ ಬಂದು ನನ್ನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋದಳು. ‘ಅಕ್ಕ, ಅದು ನಾನು ಕೊಟ್ಟಿದ್ದಲ್ವಾ? ಅಂಗಾದ್ರೆ ನಂಗೇ ಅಲ್ವಾ ಬಂದಿರೋದು?’ ಅಂದಳು. ನಾನು ಅವಳ ತಲೆ ಸವರಿ, ಇಲ್ಲ ಕಣಮ್ಮ, ಆಮೇಲೆ ನಾನೇ ಬೇರೆ ಸೀಸೆ ಕೊಟ್ಟು ಕಳಿಸಿದೆ, ಇದು ಅದರದ್ದು ಅಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ತನಗಲ್ಲ ಅಂತ ಸಮಾಧಾನವಾಗಿದ್ದಕ್ಕೆ ಅವಳಿಗೇ ನಾಚಿಕೆಯಾಗಿರಬೇಕು, ಅದಕ್ಕೇ ಬೆಟ್ಟ ಹತ್ತಿದಳು. ನಾನು ಆ ಪ್ರಸಾದ ತಿಂದೆ.

ಡಾಕ್ಟರು ಏನೂ ಇಲ್ಲ ಎಂದಾಗ ನನಗೆ ಎಷ್ಟು ಹಗುರವಾಯಿತು ಗೊತ್ತಾ. ಗಾಜೇ ಸುಳ್ಳು, ಹಾಗಾದರೆ ಕೀರ್ತಿಗೂ ಏನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಗಾಜು ಓದಿದವಳಲ್ಲ, ಆದರೂ ಅದು ಮೋಸದ ಲೆಕ್ಕ ಎಂದು ಗೊತ್ತಿತ್ತು. ನೋಡಿದ್ದು ನನ್ನ ಮೈ, ಸೀಸೆ ಅವಳದ್ದು.

ಈಗ ನೀನು ಹೇಳಿದ ಹಾಗೆ ಮಾಡುತ್ತೇನೆ. ಆದರೆ ಅವಳ ಗರ್ಭಕೋಶ ಉಳಿಯುತ್ತದಾ? ಅದೊಂದು ಹೇಳು. ಉಳಿಯುವುದಿಲ್ಲ ಎಂದರೂ ಹೇಳು.

ಅಕ್ಕ


ಕಲಬುರಗಿ
೧೭ ಜುಲೈ ೨೦೨೫

ಅಕ್ಕ,

ಬೆಳಿಗ್ಗೆ ಕಾರ್ಖಾನೆಯ ಫೋನಿಗೆ ಮಾಡಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ. ನೀನು ಇದನ್ನು ಕೀರ್ತಿಗೆ ತೋರಿಸಬೇಕು, ಅದಕ್ಕೆ.

ಅವಳ ಗರ್ಭಕೋಶ ತೆಗೆಯುವುದಿಲ್ಲ. ಈ ಹಂತದಲ್ಲಿ ಯಾರೂ ತೆಗೆಯುವುದಿಲ್ಲ. ಮೊದಲು ಯಂತ್ರದಲ್ಲಿ ನೋಡಿ, ಅನುಮಾನದ ಜಾಗದಿಂದ ಕಡಲೆಕಾಳಿಗಿಂತ ಚಿಕ್ಕ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಕೆಟ್ಟಿದೆ ಎಂದಾದರೆ ಗರ್ಭಕೋಶದ ಬಾಯಿಯ ಅಷ್ಟು ಭಾಗವನ್ನು ಬಿಸಿ ತಂತಿಯಲ್ಲಿ ತೆಗೆಯುತ್ತಾರೆ. ಬೆಳಿಗ್ಗೆ ಹೋದರೆ ಸಂಜೆ ಮನೆಗೆ. ಆಮೇಲೆ ಮಕ್ಕಳಾಗುತ್ತವೆ, ಬಸಿರಾದಾಗ ಡಾಕ್ಟರಿಗೆ ಈ ವಿಷಯ ತಿಳಿಸಿ ಸ್ವಲ್ಪ ಹುಷಾರಾಗಿರಬೇಕು ಅಷ್ಟೇ. ಅಮ್ಮನದು ಬೇರೆ. ಅಮ್ಮನದು ಯಾರೂ ನೋಡದೆ ಬೆಳೆದುಬಿಟ್ಟಿತ್ತು. ಅಮ್ಮ ಸತ್ತದ್ದು ಗರ್ಭಕೋಶ ತೆಗೆದದ್ದಕ್ಕಲ್ಲ, ತಡವಾಗಿ ತೆಗೆದದ್ದಕ್ಕೆ.

ಸಣ್ಣ ವಯಸ್ಸಿನವರಿಗೂ ತೆಗೆಯುತ್ತಾರಾ ಎಂದು ನೀನು ಜೂನ್ ಒಂಬತ್ತಕ್ಕೇ ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಎರಡು ಸಾಲು ಬರೆದಿದ್ದರೆ ಕೀರ್ತಿ ಜೂನಿನಲ್ಲೇ ಆಸ್ಪತ್ರೆಯಲ್ಲಿರುತ್ತಿದ್ದಳು. ಹೋದರೆ ಹೋಗಲಿ ಎಂದು ಬರೆದವಳೂ ನಾನೇ. ನಿನ್ನನ್ನು ಬೈಯಲು ಕಾಗದ ತೆಗೆದುಕೊಂಡು ಕೂತೆ, ಈ ಎರಡು ಮಾತು ನೆನಪಾಗಿ ಬೈಯಲು ಬಾಯಿಲ್ಲ.

ಇದನ್ನು ನಿನಗೆ ಮಾತ್ರ ಹೇಳುತ್ತೇನೆ, ಈ ಪುಟ ಅವಳಿಗೆ ತೋರಿಸಬೇಡ. ಆ ಸೀಸೆ ನಿನ್ನದಲ್ಲ ಎಂದು ಓದಿದ ತಕ್ಷಣ ನನಗೆ ಸಂತೋಷವಾಯಿತು. ಇಪ್ಪತ್ತೆಂಟರ ಹುಡುಗಿಗೆ ಎಂದು ತಿಳಿದೂ ಆಯಿತು. ಈಗ ಆ ಸಂತೋಷವನ್ನು ಎಲ್ಲಿಡಬೇಕು ಗೊತ್ತಾಗುತ್ತಿಲ್ಲ.

ಸುದರ್ಶನ ಅವರಿಗೆ ಎಲ್ಲ ಹೇಳಿದೆ. ಫೈಲು ಮುಚ್ಚುವುದಿಲ್ಲ. ಆದರೆ ಅವರು ಒಂದು ಪ್ರಶ್ನೆ ಕೇಳಿದರು. ಒಬ್ಬರ ಹೆಸರಿಗೆ ಇನ್ನೊಬ್ಬರು ಕೊಡುವುದು ಅಲ್ಲಿನ ವಾಡಿಕೆ ಎಂದಾದರೆ, ಇದೊಂದೇ ಸೀಸೆ ಹಾಗೆ ಬಂದಿದೆ ಎಂದು ಯಾರು ಹೇಳಿದರು? ಚೆನ್ನಾಗಿದ್ದೀರಿ ಎನ್ನುವ ಕಾಗದ ಹಿಡಿದವರಲ್ಲಿ ಎಷ್ಟು ಜನ ಸೀಸೆಯನ್ನೇ ಮುಟ್ಟಿಲ್ಲ? ನಿಜ ಹೇಳು. ಮೊದಲು ಕೀರ್ತಿ, ಆಮೇಲೆ ಇದು.

ಧರಣಿ


ಮೇಟಗಳ್ಳಿ
೨೮ ಆಗಸ್ಟ್ ೨೦೨೫

ಧರಣಿ,

ಫೋನಿನಲ್ಲಿ ನಿನಗೆ ಚೂರುಚೂರು ಹೇಳುತ್ತಲೇ ಬಂದಿದ್ದೇನೆ. ಆದರೆ ಕೀರ್ತಿಗೆ ಹೇಳಿದ ದಿನದ ಮಾತು ಫೋನಿನಲ್ಲಿ ಬರಲಿಲ್ಲ.

ನಿನ್ನ ಕಾಗದದ ಮೊದಲ ಪುಟ ಅವಳ ಕೈಗೆ ಕೊಟ್ಟೆ. ಅವಳು ಓದಿ ಮುಗಿಸಿ ಮಡಿಸಿಟ್ಟಳು. ಗರ್ಭಕೋಶ ತೆಗೀತಾರೆ ಅಂತ ಹೆದರಿ ನಿನಗೆ ಹೇಳಲಿಲ್ಲ ಕಣಮ್ಮ ಅಂದೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದಿದ್ದೆ. ಅವಳು ಬಹಳ ಮೆಲ್ಲಗೆ ಮಾತಾಡಿದಳು.

‘ಒಂದ್ ತಿಂಗ್ಳು ನನ್ ಪಕ್ಕದಲ್ಲಿ ಕೂತು ನಾನು ತಂದಿದ್ ಊಟ ಮಾಡುದ್ರಿ. ನಾನು ಕೇಳ್ದೆ ಕೂಡ. ನನ್ ಮೈ ವಿಷ್ಯ ನೀವೊಬ್ರೇ ಕೂತು ತೀರ್ಮಾನ ಮಾಡ್ಬುಟ್ರಾ?’

ಅವಳ ಒಳ್ಳೆಯದಕ್ಕೇ ಮಾಡಿದೆ ಎಂದು ಅಷ್ಟು ದಿನ ನನಗೆ ನಾನು ಹೇಳಿಕೊಂಡದ್ದು ಅವಳ ಮುಂದೆ ಹೇಳಲಿಲ್ಲ. ನಾನೂ ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದಳು. ಸಿದ್ದೇಶನನ್ನು ಕರೆದುಕೊಂಡು ಹೋದಳು. ಅಮ್ಮನೆದುರು ಬಾಯಿ ಬಿಡದ ಆ ಸಿದ್ದೇಶ ಆವತ್ತು ಅಮ್ಮನಿಗೆ, ಇದು ನಮ್ಮಿಬ್ಬರ ವಿಷಯ, ನೀವು ಸುಮ್ಮನಿರಿ ಅಂದನಂತೆ. ಇದನ್ನು ನನಗೆ ಹೇಳಿದ್ದು ಬೇರೆಯವರು.

ಮುಂದಿನದು ನಿನಗೆ ಗೊತ್ತಿದೆ. ಚೂರು ತೆಗೆದು ನೋಡಿದಾಗ, ಕ್ಯಾನ್ಸರ್ ಆಗುವ ಮುಂಚಿನ ಮೂರು ಹಂತಗಳಲ್ಲಿ ಕೊನೆಯದು, ಕ್ಯಾನ್ಸರಿಗೆ ಒಂದು ಮೆಟ್ಟಿಲು ಹಿಂದೆ. ಆಗಸ್ಟ್ ಎಂಟಕ್ಕೆ ಆ ಭಾಗ ತೆಗೆದರು. ಮೊನ್ನೆ ರಿಪೋರ್ಟ್ ಬಂತು, ಪೂರ್ತಿ ಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ, ಆರು ತಿಂಗಳಿಗೆ ಬಂದು ತೋರಿಸಿ ಎಂದಿದ್ದಾರೆ. ನಿನ್ನ ಕಣ್ಣು ತಪ್ಪಿರಲಿಲ್ಲ. ಸುದರ್ಶನ ಅವರಿಗೆ ನನ್ನ ಪರವಾಗಿಯೂ ಒಂದು ಮಾತು ಹೇಳು, ಗಟ್ಟಿಯಾಗಿ ಹೇಳು.

ಕೀರ್ತಿ ಕೆಲಸಕ್ಕೆ ಬಂದಿದ್ದಾಳೆ. ನನ್ನ ಪಕ್ಕ ಕೂರುವುದಿಲ್ಲ. ಕಿಟಕಿ ಕಡೆಯ ಸಾಲಿಗೆ ತಟ್ಟೆ ಎತ್ತಿಕೊಂಡು ಹೋದಳು. ನಾನು ಸೂಪರ್‌ವೈಸರ್, ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಸೋಮವಾರ ಎಲ್ಲರನ್ನೂ ಸೇರಿಸಿದೆ. ಈ ಸಲ ಸ್ಟೂಲು ಹತ್ತಲಿಲ್ಲ. ನಾನು ಸೀಸೆ ಕೊಡಲಿಲ್ಲ, ಹೆದರಿದೆ, ನನ್ನ ಹೆಸರಿಗೆ ಇನ್ನೊಬ್ಬಳು ಕೊಟ್ಟಳು, ಕಾಯಿಲೆ ಅವಳಲ್ಲಿತ್ತು, ನಾನು ಮುಚ್ಚಿಟ್ಟೆ ಎಂದು ಹೇಳಿದೆ. ಯಾರು ಎಂದು ಗುಸುಗುಸು ಶುರುವಾಯಿತು. ನಾನು ಹೆಸರು ಹೇಳುವುದಿಲ್ಲ ಎಂದೆ. ಕಿಟಕಿ ಪಕ್ಕದಿಂದ ಕೀರ್ತಿ ಎದ್ದು ನಿಂತಳು.

‘ನಾನು ಕಣ್ರೀ. ನಾನು ಉಳ್ಕಂಡೆ. ನಿಮ್ಮಲ್ಲಿ ಯಾರ್ ಯಾರ ಹೆಸ್ರಿಗೆ ಯಾರ್ ಯಾರು ಕೊಟ್ಟಿದ್ದೀರಿ, ಈಗ್ಲೇ ಹೇಳ್ಬುಡಿ.’

ಆ ಹುಡುಗಿಗೆ ಮನೆಯಲ್ಲಿ ಅತ್ತೆ ಇದ್ದಾಳೆ, ಬೀದಿಯಲ್ಲಿ ನಾಲಿಗೆಗಳಿವೆ. ಆದರೂ ನಿಂತಳು. ಆಮೇಲೆ ಒಬ್ಬಳು ಎದ್ದಳು, ಇನ್ನೊಬ್ಬಳು. ಹದಿನಾಲ್ಕು ಜನ, ಧರಣಿ. ಏಳು ಎಂಟು ಇರಬಹುದು ಎಂದು ನಾನು ನಿನಗೆ ಹೇಳಿದ್ದೆ. ಒಬ್ಬಳಂತೂ ನಾಲ್ಕು ಹೆಸರಿಗೆ ಕೊಟ್ಟಿದ್ದಾಳೆ, ಪುಣ್ಯ ಬರಲಿ ಎಂದು.

ಇವತ್ತು ಬೆಳಿಗ್ಗೆ ನೀನು ಕಳಿಸಿದ ಹೊಸ ಡಬ್ಬ ಬಂತು. ಕೀರ್ತಿ ಮೇಜು ಹಾಕಿಕೊಂಡು ಬಚ್ಚಲ ಬಾಗಿಲಿನಲ್ಲೇ ಕೂತಳು. ಚೀಟಿಯನ್ನು ಮುಂಚೆ ಅಂಟಿಸಿಡುವುದಿಲ್ಲ, ಹೊರಗೆ ಬಂದವಳು ತನ್ನ ಕೈಯಾರೆ ಬರೆದು ಅಂಟಿಸಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು ಎಂದು ಅವಳೇ ನಿಯಮ ಮಾಡಿದ್ದಾಳೆ. ಯಾರೂ ಎದುರಾಡಲಿಲ್ಲ.

ಎಲ್ಲರದೂ ಆದ ಮೇಲೆ ನಾನು ಹೋದೆ. ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಿಂತಿದ್ದೆ. ಅಮ್ಮನ ನೆನಪಾಯಿತು, ಹೆದರಿಕೆಯೂ ಆಯಿತು. ಹೆದರಿಕೊಂಡೇ ಕೊಟ್ಟೆ. ಐದು ಸುತ್ತು, ನೀನು ಹೇಳಿದ ಹಾಗೆ.

ಹೊರಗೆ ಬಂದು ಸೀಸೆಯನ್ನು ಮೇಜಿನ ಮೇಲಿಟ್ಟೆ. ಕೀರ್ತಿ ಚೀಟಿ ಮತ್ತು ಪೆನ್ನು ಮುಂದೆ ತಳ್ಳಿದಳು. ನಾನು ಪೆನ್ನನ್ನು ಅವಳ ಕಡೆಗೇ ತಿರುಗಿಸಿದೆ. ನೀನೇ ಬರೆದುಬಿಡು ಕಣಮ್ಮ ಎಂದೆ. ಅವಳು ಒಂದೂವರೆ ತಿಂಗಳಲ್ಲಿ ಮೊದಲನೇ ಸಲ ನನ್ನ ಮುಖ ನೋಡಿದಳು.

‘ಇಲ್ಲ ಅಕ್ಕ. ನಿಮ್ ಹೆಸ್ರು ನೀವೇ ಬರೀರಿ.’

ಬರೆದೆ.